ತೊಳೆದ ಬಕೆಟ್ಟು

ಟಿಂಕರ್ ಕೊಳ, ಮೇನ್
12 ಜೂನ್ 1988

ಎಮರಿ ಥರ್ಲೋಗೆ,

ಐದು ವರ್ಷದ ಮೇಲೆ ನನ್ನ ಅಕ್ಷರ ಕಂಡು ನಿನಗೆ ಆಶ್ಚರ್ಯವಾಗಬಹುದು. ಆಗದೆಯೂ ಇರಬಹುದು. ಎಂದಾದರೊಂದು ದಿನ ಈ ಕಾಗದ ಬರುತ್ತದೆಂದು ನೀನು ಕಾದುಕೊಂಡೇ ಇದ್ದೆಯೇನೋ ಎಂಬ ಗುಮಾನಿ ನನಗೆ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಇರುವುದಿಲ್ಲ. ನಿನ್ನಿಂದ ನನಗೆ ಬರವಣಿಗೆಯಲ್ಲಿ ಉತ್ತರ ಬೇಕು.

ವಿಷಯ ಇಷ್ಟು. ಮೊನ್ನೆ ಶುಕ್ರವಾರ ಸಂಜೆ, ನೀರಿನ ಮೇಲೆ ನೊಣ ಏಳುವ ಹೊತ್ತಿಗೆ, ಕೊಳದ ಪಡುವಣ ದಡದಲ್ಲಿ ದೋಣಿ ನಿಲ್ಲಿಸಿಕೊಂಡು ಗಾಳ ಎಸೆಯುತ್ತಿದ್ದೆ. ಗಾಳದ ತುದಿಗೆ ನಾನೇ ಕೋಳಿಗರಿ ಸುತ್ತಿ ಕಟ್ಟಿದ ನೊಣ. ಮೀನು ಕಚ್ಚಿತು. ಕಚ್ಚಿದ ರಭಸಕ್ಕೆ, ಓರಿನ್, ಇದು ನಿನ್ನ ಜನ್ಮದ ದೊಡ್ಡ ಟ್ರೌಟ್ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅದು ನೀರಿನಿಂದ ಪೂರ್ತಿ ಮೇಲೆದ್ದು ತಲೆ ಕೊಡವಿತು. ಟ್ರೌಟ್ ಹಾಗೆ ಕೊಡವುವುದಿಲ್ಲವೆಂದು ನಿನಗೂ ಗೊತ್ತು. ಕೈಬಲೆಯಲ್ಲಿ ಎತ್ತಿ ನೋಡಿದರೆ ಕಂಚಿನ ಮೈ, ಪಕ್ಕೆಯಲ್ಲಿ ಅಡ್ಡಪಟ್ಟೆ, ಕೆಂಪು ಕಣ್ಣು. ಹದಿಮೂರು ಅಂಗುಲದ ಬಾಸ್ ಮೀನು.

ನನ್ನಪ್ಪನ ಕಾಲದಿಂದ ಈ ಕೊಳದಲ್ಲಿ ಟ್ರೌಟ್ ಬಿಟ್ಟು ಬೇರೆ ಮೀನನ್ನು ಯಾರೂ ಕಂಡಿಲ್ಲ. ಶನಿವಾರ ಬೆಳಿಗ್ಗೆ ದಡದುದ್ದಕ್ಕೂ ದೋಣಿ ಬಿಟ್ಟುಕೊಂಡು ಹೋಗಿ ನೋಡಿದೆ. ಜಲ್ಲಿಯ ಮೇಲೆ ಬಾಲದಿಂದ ಗುಡಿಸಿ ಮಾಡಿದ ದುಂಡನೆಯ ಗೂಡುಗಳು, ಒಂದೊಂದಕ್ಕೂ ಕಾವಲಿಗೆ ಒಂದೊಂದು ಗಂಡು ಬಾಸ್. ಹನ್ನೊಂದು ಎಣಿಸಿ ನಿಲ್ಲಿಸಿದೆ. ಬಾಸ್ ಸಂಸಾರ ಹೂಡಿದ ಕಡೆ ಟ್ರೌಟ್ ಮರಿ ಉಳಿಯುವುದಿಲ್ಲ. ಹತ್ತು ವರ್ಷ ಬಿಟ್ಟು ಬಂದರೆ ಇಲ್ಲಿ ಒಂದು ಟ್ರೌಟೂ ಇರುವುದಿಲ್ಲ.

ಇಷ್ಟು ವರ್ಷ ಇಲ್ಲದ ಮೀನು ತಾನಾಗಿ ಬರುವುದಿಲ್ಲ, ಯಾರೋ ತಂದು ಬಿಟ್ಟಿದ್ದಾರೆ. ಮೀನುಗಾರಿಕೆ ಇಲಾಖೆಯ ವಾರ್ಡನ್ ಫಿಲ್‌ಬ್ರಿಕ್ ಬಂದು ಮೀನಿನ ಹುರುಪೆ ಕೆರೆದುಕೊಂಡು ಹೋಗಿದ್ದಾನೆ. ಮರದ ಹಾಗೆ ಅದರಲ್ಲೂ ವರ್ಷಕ್ಕೊಂದು ಉಂಗುರ ಇರುತ್ತದಂತೆ, ಎಣಿಸಿ ಮೀನಿನ ವಯಸ್ಸು ಹೇಳುತ್ತಾನಂತೆ. "ಯಾರ ಮೇಲಾದ್ರೂ ಅನುಮಾನ ಇದೆಯಾ ಪೆಲ್ಕಿ ಅವರೇ?" ಎಂದು ಕೇಳಿದ. ಗೊತ್ತಿಲ್ಲವೆಂದೆ. ಅದು ಪೂರ್ತಿ ನಿಜವಲ್ಲ.

ಈ ಸುತ್ತಿನಲ್ಲಿ ಬಾಸ್ ಮೀನನ್ನೇ ನಂಬಿ ಬದುಕುವವನು ನೀನೊಬ್ಬ. ಈ ಕೊಳದ ಮರ ಸಾಗಿಸುವ ದಾರಿ ಕತ್ತಲಲ್ಲೂ ಗೊತ್ತಿರುವವನು ನೀನೊಬ್ಬ. ನೀನು ಬಿಟ್ಟೆಯೋ ಇಲ್ಲವೋ? ಹುರುಪೆಯ ಉತ್ತರ ಬರುವುದಕ್ಕೆ ಮುಂಚೆ ಬರೆದರೆ ಅಷ್ಟರ ಮಟ್ಟಿಗಾದರೂ ನೀನು ಪ್ರಾಮಾಣಿಕ ಎಂದುಕೊಳ್ಳುತ್ತೇನೆ.

ಓರಿನ್ ಪೆಲ್ಕಿ

———

ಬ್ಲೇಕ್ ಸರೋವರ
20 ಜೂನ್ 1988

ಪ್ರಿಯ ಓರಿನ್,

ನಿನ್ನ ಕಾಗದ ಬಂತು. ನಿನ್ನ ಅಕ್ಷರ ಇನ್ನೂ ಕೋಳಿ ಕೆದಕಿದ ಹಾಗೇ ಇದೆ, ಸಂತೋಷ.

ನಾನು ಬಿಡಲಿಲ್ಲ. ಇಷ್ಟೇ ನನ್ನ ಉತ್ತರ.

ಮೀನಿನ ಮೊಟ್ಟೆ ಬಾತುಕೋಳಿಯ ಕಾಲಿಗೆ ಅಂಟಿಕೊಂಡು ಊರೂರು ತಿರುಗುತ್ತದೆಂದು ಹೇಳುವವರಿದ್ದಾರೆ. ತೊರೆಯಲ್ಲಿ ನೆರೆ ಬಂದಾಗ ಹತ್ತಿ ಬಂದಿರಲೂಬಹುದು. ಆದದ್ದು ಆಯಿತು. ಬಾಸ್ ಅಷ್ಟೇನೂ ಕೆಟ್ಟ ಮೀನಲ್ಲ, ಓರಿನ್. ಬೆಣ್ಣೆಯಲ್ಲಿ ಹುರಿದು ಕಣ್ಣು ಮುಚ್ಚಿಕೊಂಡು ತಿಂದರೆ ನಿನಗೆ ವ್ಯತ್ಯಾಸ ತಿಳಿಯುವುದಿಲ್ಲ.

ಈ ವರ್ಷ ನೀರು ಬೇಗ ಬೆಚ್ಚಗಾಗಿದೆ. ನನ್ನ ದೋಣಿಗೆ ಬರುವ ಪಟ್ಟಣದವರಿಗೆ ಹಬ್ಬ. ನಿನ್ನ ಮಂಡಿನೋವು ಹೇಗಿದೆ?

ನಿನ್ನ,
ಎಮರಿ

———

ಟಿಂಕರ್ ಕೊಳ
27 ಜೂನ್ 1988

ಎಮರಿ,

ನನ್ನ ಮಂಡಿಯ ವಿಚಾರ ನಿನಗೆ ಬೇಡ.

ಮೊದಲು ನಿನ್ನ ಲಕೋಟೆಯ ಮಾತು. ಅದನ್ನು ಒಮ್ಮೆ ಅಂಟಿಸಿ, ಬಿಚ್ಚಿ, ಮತ್ತೆ ಅಂಟಿಸಿದ್ದೀಯ. ಅಂಚಿನಲ್ಲಿ ಎರಡು ಸಲದ ಗೋಂದು ಕಾಣುತ್ತದೆ. ಒಂದು ಹಾಳೆಯ ಕಾಗದಕ್ಕೆ ಎರಡು ಹಾಳೆಯ ಅಂಚೆಚೀಟಿ ಹಚ್ಚಿದ್ದೀಯ. ಏನು ಬರೆದು ಏನು ತೆಗೆದೆ?

ಇನ್ನು ಬಾತುಕೋಳಿ. ನಲವತ್ತು ವರ್ಷ ನೀರಿನ ಮೇಲೆ ಬದುಕಿದವನು ಇಂಥ ಕತೆ ಹೇಳಲು ನಾಚಿಕೆಪಡಬೇಕು. ನೆರೆಯ ಮಾತಂತೂ ಬೇಡವೇ ಬೇಡ. ನಮ್ಮ ತೊರೆ ಬಂಡೆಯಿಂದ ಎರಡಾಳು ಎತ್ತರ ಧುಮುಕಿ ನಿಮ್ಮ ಬ್ಲೇಕ್ ಸರೋವರಕ್ಕೆ ಹೋಗುತ್ತದೆ. ಅಲ್ಲಿಂದ ಇಲ್ಲಿಗೆ ಬಾಸ್ ಬರಬೇಕಾದರೆ ಏಣಿ ಹಾಕಿಕೊಂಡು ಬರಬೇಕು.

ಫಿಲ್‌ಬ್ರಿಕ್ ಹುರುಪೆ ಎಣಿಸಿದ. ಐದು ಉಂಗುರ. ಆ ಮೀನು ಹುಟ್ಟಿದ್ದು 1983ರಲ್ಲಿ. ನೀನು ಈ ಮನೆಗೆ ಬರುವುದನ್ನು ಬಿಟ್ಟದ್ದೂ 1983ರಲ್ಲಿ. ಇದು ಕಾಕತಾಳೀಯ ಎನ್ನುತ್ತೀಯಾ?

ನಾನು ನೋಡಿಲ್ಲ ಎಂದುಕೊಂಡಿದ್ದೀಯೇನೋ. ಎಂಬತ್ತೈದರ ಜೂನ್‌ನಲ್ಲಿ ಎರಡು ಸಲ, ಕಳೆದ ವರ್ಷ ಒಂದು ಸಲ, ಬೆಳಗಿನ ಮಂಜಿನಲ್ಲಿ ನಿನ್ನ ಹಸಿರು ಟ್ರಕ್ಕು ಮರ ಸಾಗಿಸುವ ದಾರಿಯಲ್ಲಿ ನಿಂತಿತ್ತು. ನೀನು ಸೊಂಟದುದ್ದ ನೀರಿನಲ್ಲಿ ಬಗ್ಗಿಕೊಂಡಿದ್ದೆ. ಕೈಯಲ್ಲಿ ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ. ಆಗ ನಾನು, ಒರತೆಗುಂಡಿಯ ಟ್ರೌಟ್ ಕದಿಯುತ್ತಿದ್ದಾನೆ, ಹಾಳಾಗಿ ಹೋಗಲಿ, ಹಳೇ ಸ್ನೇಹಿತ ಎಂದು ಸುಮ್ಮನಾದೆ. ಬೇಸಿಗೆಯಲ್ಲಿ ಟ್ರೌಟೆಲ್ಲ ತಂಪು ಹುಡುಕಿಕೊಂಡು ಆ ಒರತೆಗುಂಡಿಗೇ ಬಂದು ಸೇರುತ್ತವೆಂದು ಜಗತ್ತಿನಲ್ಲಿ ಇಬ್ಬರಿಗೇ ಗೊತ್ತು. ಈಗ ನೋಡಿದರೆ ನೀನು ಕದಿಯಲು ಬರುತ್ತಿರಲಿಲ್ಲ, ನಿನ್ನ ಬೆಳೆ ಹೇಗೆ ಬಂದಿದೆ ಎಂದು ನೋಡಿಕೊಂಡು ಹೋಗಲು ಬರುತ್ತಿದ್ದೆ.

ನೀನು ನನ್ನ ದೋಣಿಯಲ್ಲಿ ಕುಳಿತು ಎಷ್ಟು ಸಲ ಅಂದಿದ್ದೀಯ: "ಎರಡೇ ವಾರದ ಕೊಳ ಕಣೋ ಇದು. ಜುಲೈ ಬಂತೂಂದ್ರೆ ನಿನ್ ಟ್ರೌಟು ತಳ ಸೇರ್ಕಂಡು ನಿದ್ದೆ ಹೊಡೀತಾವೆ. ನಾಕು ಬಾಸ್ ಬಿಟ್ರೆ ಬೇಸಿಗೆಯೆಲ್ಲ ಮಜವಾಗಿರುತ್ತೆ ಮಾರಾಯ." ಆಗ ನಕ್ಕಿದ್ದೆ. ಈಗ ನಗು ಬರುತ್ತಿಲ್ಲ.

ಓರಿನ್ ಪೆಲ್ಕಿ

———

ಟಿಂಕರ್ ಕೊಳ
15 ಜುಲೈ 1988

ಎಮರಿ,

ಹದಿನೆಂಟು ದಿನ ಕಾದೆ. ಉತ್ತರವಿಲ್ಲ. ಉತ್ತರ ಕೊಡದಿರುವುದೂ ಒಂದು ಉತ್ತರವೇ.

ಈ ನಡುವೆ ನಾನು ಸುಮ್ಮನೆ ಕೂತಿಲ್ಲ. ನನ್ನ ಮೀನಿನ ಪುಸ್ತಕ ನಿನಗೆ ಗೊತ್ತಲ್ಲ, ಯಾವ ದಿನ, ನೀರು ಹೇಗಿತ್ತು, ಯಾವ ನೊಣ ಕಟ್ಟಿದೆ, ಏನು ಸಿಕ್ಕಿತು ಎಂದು ಬರೆದಿಡುವುದು. "ಪಾದ್ರಿ ಸಾಹೇಬರ ಪಾಪಪುಣ್ಯದ ಕಡತ" ಎಂದು ನಗುತ್ತಿದ್ದೆಯಲ್ಲ, ಅದೇ. ಎಂಬತ್ತಮೂರರದನ್ನು ತೆಗೆದೆ. ಐದು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ. ಮುಟ್ಟದಿದ್ದುದಕ್ಕೆ ಕಾರಣ ನಿನಗೆ ಗೊತ್ತು, ಅದರಲ್ಲಿ ವರ್ನಾ ಇದ್ದಾಳೆ, ನನ್ನ ಹೆಂಡತಿಯ ಕೊನೆಯ ಬೇಸಿಗೆ ಇದೆ.

ಆ ಬೇಸಿಗೆ ನೀನು ಕೊಳಕ್ಕೆ ಬಂದದ್ದು ಎರಡೇ ಸಲ. ಮೇ ತಿಂಗಳಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ. ಆಗಸ್ಟ್ ಹದಿನಾಲ್ಕರ ಪುಟದಲ್ಲಿ ನಾನು ಬರೆದಿರುವುದನ್ನು ಹಾಗೇ ಇಳಿಸುತ್ತೇನೆ:

"ಭಾನುವಾರ. ಬಿಸಿಲು. ಬೆಳಿಗ್ಗೆ ಬ್ಲೇಕ್ ಸರೋವರ, ವರ್ನಾ ಬಂದಳು. ಬಾಸ್‌ಗೆ ಎರೆ ಹಾಕಲು ಚಿಳ್ಳೆಮೀನು ನಾನೇ ಬಲೆ ಹಾಕಿ ಹಿಡಿದು ಬಕೆಟ್ಟಿಗೆ ತುಂಬಿದೆ. ಅವಳಿಗೆ ಒಂದೂ ಕಚ್ಚಲಿಲ್ಲ. ವಾಪಸು ಬರುವಾಗ ಕೊಳ ನೋಡಬೇಕೆಂದಳು. ದಡದಲ್ಲಿ ಕುರ್ಚಿ ಹಾಕಿ ಕೂರಿಸಿದೆ. ಅವಳಿಗೊಂದು ಟ್ರೌಟ್ ತರೋಣವೆಂದು ಒರತೆಗುಂಡಿಗೆ ಹೋದೆ. ಸಿಗಲಿಲ್ಲ. ವರ್ನಾ ತುಂಬಾ ಖುಷಿಯಾಗಿದ್ದಳು. ಎಮರಿ ಮುಖ ಗಂಟು. ಬಕೆಟ್ಟು ತೊಳೆದು ಕೊಟ್ಟ."

ಕೊನೆಯ ಮಾತು ನೋಡು. ಬಕೆಟ್ಟು ತೊಳೆದು ಕೊಟ್ಟ. ಮೂವತ್ತು ವರ್ಷ ನನ್ನ ಮನೆಯಲ್ಲಿ ಕಾಫಿ ಕುಡಿದ ಲೋಟ ತೊಳೆದವನಲ್ಲ ನೀನು. ಅವತ್ತು ನನ್ನ ಬಕೆಟ್ಟನ್ನು ಮರಳು ಹಾಕಿ ಉಜ್ಜಿ ತೊಳೆದು ಕೈಗೆ ಕೊಟ್ಟೆ. ನಾನು ಅದನ್ನು ವಿಚಿತ್ರವೆಂದು ಬರೆದಿಟ್ಟೆ, ಆದರೆ ಯೋಚನೆ ಮಾಡಲಿಲ್ಲ. ಆಗ ನನಗೆ ಯೋಚನೆ ಮಾಡಲು ಬೇರೆ ವಿಷಯವಿತ್ತು. ತಪ್ಪು ಮಾಡಿದವನು ತಾನೇ ಗುರುತು ತೊಳೆಯುವುದು?

ತಿಂಗಳ ಕೊನೆಯೊಳಗೆ ನನಗೆ ತಿಳಿದದ್ದನ್ನು ಬರೆದು ಸಹಿ ಹಾಕಿ ಕೊಡಬೇಕೆಂದು ಫಿಲ್‌ಬ್ರಿಕ್ ಕೇಳಿದ್ದಾನೆ. ನಿನ್ನ ಹೆಸರು ಬರೆದರೆ ಪಟ್ಟಣದವರಿಗೆ ಮೀನು ಹಿಡಿಸುವ ನಿನ್ನ ಗೈಡ್ ಲೈಸೆನ್ಸ್ ಹೋಗುತ್ತದೆ, ಅದು ಹೋದರೆ ನೀನು ಬೇರೇನೂ ಮಾಡಬಲ್ಲವನಲ್ಲ. ಇದೆಲ್ಲ ಗೊತ್ತಿದ್ದೇ ಬರೆಯುತ್ತಿದ್ದೇನೆ. ಮೂವತ್ತೊಂದರವರೆಗೆ ಕಾಯುತ್ತೇನೆ.

ಓರಿನ್ ಪೆಲ್ಕಿ

———

ಬ್ಲೇಕ್ ಸರೋವರ
22 ಜುಲೈ 1988

ಓರಿನ್,

ಬರೆದುಕೊಡು. ನನ್ನ ಹೆಸರನ್ನೇ ಬರೆದುಕೊಡು. ನಾನು ಇಲ್ಲ ಎನ್ನುವುದಿಲ್ಲ.

1983ರ ಮೇ ತಿಂಗಳಲ್ಲಿ ಆರು ದೊಡ್ಡ ಬಾಸ್ ಹಿಡಿದು, ಹಾಲಿನ ಕ್ಯಾನಿನಲ್ಲಿ ತುಂಬಿಕೊಂಡು ಬಂದು ಬಿಟ್ಟೆ. ನೀನು ಹೇಳಿದ ಕಾರಣಕ್ಕೇ. ಫಿಲ್‌ಬ್ರಿಕ್ ಬಂದರೆ ಸಹಿ ಹಾಕಿಕೊಡುತ್ತೇನೆ.

ಒಂದೇ ಒಂದು ಬೇಡಿಕೆ. ಇದರ ಮೇಲೆ ನನ್ನನ್ನು ಏನೂ ಕೇಳಬೇಡ. ಆ ಆಗಸ್ಟ್ ತಿಂಗಳ ಪುಟವನ್ನು ಮುಚ್ಚಿಡು.

ಎಮರಿ

———

ಟಿಂಕರ್ ಕೊಳ
26 ಜುಲೈ 1988

ಎಮರಿ,

ನಿನ್ನ ತಪ್ಪೊಪ್ಪಿಗೆ ಓದಿ ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ. ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಎರೆಹುಳದ ಡಬ್ಬಿಗೂ ಅರ್ಧ ಗಂಟೆ ಚೌಕಾಸಿ ಮಾಡುವವನು ನೀನು. ನಿನ್ನ ಹೊಟ್ಟೆಪಾಡಿನ ಲೈಸೆನ್ಸನ್ನು ನಾಲ್ಕು ಸಾಲಿನಲ್ಲಿ ಕೈಗಿಟ್ಟು ನಡಿ ಎನ್ನುತ್ತೀಯ. ಇಷ್ಟು ಸಲೀಸಾಗಿ ಬಂದದ್ದು ನಿಜವಾಗಿರಲು ಸಾಧ್ಯವಿಲ್ಲ ಅನಿಸಿತು.

ಹಾಗಾಗಿ ಫಿಲ್‌ಬ್ರಿಕ್‌ನನ್ನು ಕೇಳಿದೆ. ನಿನ್ನ ಹೆಸರು ಹೇಳಲಿಲ್ಲ, ಮೀನಿನ ಲೆಕ್ಕ ಮಾತ್ರ ಕೇಳಿದೆ. ಅವನು ಈವರೆಗೆ ಇಲ್ಲಿ ಹತ್ತೊಂಬತ್ತು ಬಾಸ್ ಹಿಡಿದು ಹುರುಪೆ ನೋಡಿದ್ದಾನೆ. "ಐದು ಉಂಗುರಕ್ಕಿಂತ ಮೇಲೆ ಒಂದೂ ಇಲ್ಲ ಪೆಲ್ಕಿ ಅವರೇ. ದೊಡ್ಡ ಮೀನು ಬಿಟ್ಟಿದ್ರೆ ಹತ್ತು ಹನ್ನೆರಡು ಉಂಗುರದ್ದು ಒಂದಾದ್ರೂ ಸಿಕ್ಕಿರೋದು" ಎಂದ. ನಿನ್ನ ಆರು ದೊಡ್ಡ ಬಾಸ್ ಎಲ್ಲಿ ಹೋದವು? ಆರೂ ಸತ್ತವೇ? ಬಾಸ್ ಗಟ್ಟಿಪಿಂಡ, ಹದಿನೈದು ವರ್ಷ ಬದುಕುತ್ತದೆಂದು ನನ್ನ ಕಿವಿ ಕೊರೆದವನು ನೀನೇ.

ಅಂದರೆ ನೀನು ಸುಳ್ಳು ಹೇಳಿದ್ದೀಯ. ತಪ್ಪು ಮಾಡಿಲ್ಲ ಎಂದು ಸುಳ್ಳು ಹೇಳುವವರನ್ನು ನೋಡಿದ್ದೇನೆ. ಮಾಡಿದ್ದೇನೆ ಎಂದು ಸುಳ್ಳು ಹೇಳುವವನನ್ನು ಈಗಲೇ ನೋಡುತ್ತಿರುವುದು.

ಆ ಮೀನುಗಳು ಇಲ್ಲಿಗೆ ಬಂದಾಗ ಮರಿಗಳಾಗಿದ್ದವು. ಜೂನ್‌ನಲ್ಲಿ ಹುಟ್ಟಿದ ಮರಿ ಆಗಸ್ಟ್ ಹೊತ್ತಿಗೆ ಕಿರುಬೆರಳಿನಷ್ಟಿರುತ್ತದೆ. ನನ್ನ ಪುಸ್ತಕದಲ್ಲಿ ಕಿರುಬೆರಳಿನಷ್ಟು ಮೀನು ತುಂಬಿದ ಬಕೆಟ್ಟು ಒಂದೇ ಇದೆ. ಅದು ನನ್ನದು.

ಅದರಲ್ಲಿದ್ದದ್ದು ಚಿಳ್ಳೆಮೀನು ಎಂದು ಬರೆದಿದ್ದೇನೆ. ಅವತ್ತು ಬೆಳಿಗ್ಗೆ ಬ್ಲೇಕ್ ಸರೋವರದ ಹುಲ್ಲಿನಲ್ಲಿ ಬಲೆ ಎಳೆಯುವಾಗ ನೀನು "ಕನ್ನಡಕ ಹಾಕ್ಕೊಳೋ, ಏನೇನು ತುಂಬ್ತಿದ್ದೀಯ ನೋಡ್ಕೋ" ಎಂದದ್ದು ಈಗ ನೆನಪಾಗುತ್ತಿದೆ. ನಾನು ಹಾಕಿಕೊಳ್ಳಲಿಲ್ಲ. ನಿನ್ನ ಮಾತಿಗೆ ನಾನು ಯಾವತ್ತು ಕನ್ನಡಕ ಹಾಕಿದ್ದೇನೆ?

ಆದರೆ ದೋಣಿ ಹತ್ತುವ ಮುಂಚೆ ನಿನಗೆ ಹೇಳಿದ್ದೆ: "ಬಕೆಟ್ಟನ್ನು ಒಯ್ದು ಜರೀಗಿಡದ ಮೇಲೆ ಚೆಲ್ಲು, ನೀರಿನ ಹತ್ರ ಬೇಡ." ಈ ಕೊಳಕ್ಕೆ ಹೊರಗಿನ ಒಂದು ಹನಿ ನೀರೂ ಬೀಳಬಾರದೆಂದು ನನ್ನಪ್ಪ ಮಾಡಿದ ಕಟ್ಟಳೆ ಅದು. ನೀನು ಚೆಲ್ಲಲಿಲ್ಲ. ಅಷ್ಟು ದೂರ ನಡೆಯಲು ಸೋಮಾರಿತನವಾಗಿ ನೀರಿಗೇ ಸುರಿದೆ. ಇಷ್ಟೇ ತಾನೇ? ಇಷ್ಟಕ್ಕೆ ಐದು ವರ್ಷ ನನ್ನ ಮನೆ ಬಿಟ್ಟೆಯಾ? ಇದನ್ನಾದರೂ ನಿನ್ನ ಕೈಯಾರೆ ಬರೆ.

ಓರಿನ್

———

ಬ್ಲೇಕ್ ಸರೋವರ
3 ಆಗಸ್ಟ್ 1988

ಓರಿನ್,

ಸೋಮಾರಿತನ ಎಂದೇ ಬರೆದು ಕಳಿಸೋಣವೆಂದು ಕುಳಿತಿದ್ದೆ. ಆದರೆ ನೀನು ಅದನ್ನೂ ನಂಬುವುದಿಲ್ಲ. ಇನ್ನೊಂದು ವಾರದಲ್ಲಿ ಅದರಲ್ಲೂ ಏನೋ ಹುಳುಕು ಹುಡುಕಿ ಕಾಗದ ಹಾಕುತ್ತೀಯ. ಜೂನ್‌ನಲ್ಲಿ ಲಕೋಟೆಯಿಂದ ತೆಗೆದ ಹಾಳೆ ಇದು. ಮತ್ತೆ ಬರೆಯುತ್ತಿದ್ದೇನೆ.

ಅವತ್ತು ನೀನು ದೋಣಿ ಹತ್ತಿ ಹೋದ ಮೇಲೆ ನಾನು ಚೆಲ್ಲಲೆಂದು ಬಕೆಟ್ಟಿಗೆ ಕೈ ಹಾಕಿದೆ. ವರ್ನಾ, "ಸ್ವಲ್ಪ ಹೊತ್ತು ಇಲ್ಲೇ ಇಡೋ, ನೋಡ್ತಿರ್ತೀನಿ" ಎಂದಳು. ಅವಳ ಕಾಲ ಬಳಿ ನೆರಳಿನಲ್ಲಿ ಇಟ್ಟೆ. ಆಮೇಲೆ ಗಾಳಿ ಬೀಸಿತು, ಚಳಿ ಎಂದಳು. ಸ್ವೆಟರ್ ತರಲು ಟ್ರಕ್ಕಿಗೆ ಹೋದೆ. ಐದು ನಿಮಿಷ, ಹೆಚ್ಚಿಲ್ಲ. ವಾಪಸು ಬಂದಾಗ ಕುರ್ಚಿ ಖಾಲಿ. ನೋಡಿದರೆ, ಮೂರು ವಾರದಿಂದ ಯಾರ ಹೆಗಲೂ ಹಿಡಿಯದೆ ಏಳದವಳು, ನೀರಿನಂಚಿನಲ್ಲಿ ಮಂಡಿಯೂರಿ ಕೂತಿದ್ದಳು. ಬಕೆಟ್ಟು ಬಗ್ಗಿತ್ತು.

"ಪಾಪ ಕಣೋ ಎಮರಿ," ಎಂದಳು. "ಬೆಳಿಗ್ಗೆಯಿಂದ ಒಂದೇ ಸಮ ಸುತ್ತು ಹೊಡೀತಿದ್ವು. ಎರಡು ಆಗ್ಲೇ ಹೊಟ್ಟೆ ಮೇಲೆ ಮಾಡಿದ್ವು. ಬಿಟ್‌ಬಿಟ್ಟೆ. ನೋಡು, ನೋಡು, ಹೆಂಗೆ ಓಡ್ತವೆ!"

ನಾನು ನೋಡಿದೆ. ಮೊಣಕಾಲುದ್ದದ ತಿಳಿನೀರು. ಹೆಚ್ಚಿನವು ಬರೀ ಚಿಳ್ಳೆಮೀನು. ಆದರೆ ಮಧ್ಯೆ ಮಧ್ಯೆ ಆ ಬಾಲ ಕಂಡಿತು, ಬುಡದಲ್ಲಿ ಕಿತ್ತಳೆ, ನಡುವೆ ಕಪ್ಪು, ತುದಿಗೆ ಬಿಳಿ. ಬಾಸ್ ಮರಿಯ ಬಾಲ. ಜೀವನವಿಡೀ ನೋಡಿದ ಬಾಲ. ಒಂದು ಡಜನ್ ಇರಬಹುದು, ಎರಡು ಇರಬಹುದು. ಕಣ್ಣೆದುರಿಗೇ ಜೊಂಡಿನೊಳಗೆ ಹೋದವು.

ನನ್ನ ಮುಖ ನೋಡಿ ಅವಳು ಕೇಳಿದಳು: "ಯಾಕೋ ಹಂಗೆ ನಿಂತೆ? ಏನಾದ್ರೂ ತಪ್ಪು ಮಾಡಿದ್ನಾ?"

ನಾನೇನು ಹೇಳಬೇಕಿತ್ತು, ಓರಿನ್? ನೀನೇ ಹೇಳು. "ಇಲ್ಲ ವರ್ನಾ, ಒಳ್ಳೇದೇ ಮಾಡ್ದೆ" ಎಂದೆ.

"ಅವನಿಗೆ ಹೇಳ್ಬೇಡ ಮತ್ತೆ. ಎರೆ ದಂಡ ಮಾಡಿದ್ಲು ಅಂತ ಕೂಗಾಡ್ತಾನೆ" ಎಂದು ನಕ್ಕಳು. ಕೂರಿಸುವಾಗ ನನ್ನ ಕೈ ಹಿಡಿದು ಮತ್ತೊಮ್ಮೆ "ಆಣೆಗೂ ಹೇಳ್ಬೇಡ" ಎಂದಳು. ಅವಳ ಕೈ ಮಂಜುಗಡ್ಡೆ. ನೀರಿನಿಂದ ಹಾಗಾಗಿದೆ ಎಂದುಕೊಂಡೆ.

ಬಕೆಟ್ಟಿನ ತಳದಲ್ಲಿ ಎರಡು ಬಾಸ್ ಮರಿ ಸತ್ತು ಅಂಟಿಕೊಂಡಿದ್ದವು. ನೀನು ಕನ್ನಡಕ ಹಾಕಿ ನೋಡಿಬಿಟ್ಟರೆ ಎಂದು ಹೆದರಿ ತೊಳೆದೆ.

ಮರುದಿನ ಬೆಳಿಗ್ಗೆಯೇ ಸಣ್ಣ ಕಣ್ಣಿನ ಬಲೆ ತಂದೆ. ನೀನು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ನಾಲ್ಕು ಸಿಕ್ಕವು. ಮತ್ತೆ ವರ್ಷಾ ವರ್ಷಾ ಬಂದೆ. ಅದನ್ನೇ ನೀನು ಮೂರು ಸಲ ನೋಡಿದ್ದು. ಒರತೆಗುಂಡಿಯ ಒಂದು ಟ್ರೌಟನ್ನೂ ನಾನು ಮುಟ್ಟಿಲ್ಲ. ಬಾಸ್ ಹಿಡಿದು ಮತ್ತೆ ನೀರಿಗೆ ಬಿಡುವುದೇ ಕಸುಬಾದ ನಾನು ಆ ಕೊಳದಲ್ಲಿ ಬಾಸ್ ಹಿಡಿದು ಕೊಂದು ಹೂತಿದ್ದೇನೆ, ಮೂವತ್ತೊಂದು. ಸಾಲಲಿಲ್ಲ.

ಅವಳ ಮಣ್ಣಿನ ದಿನ ನಿನಗೆ ಹೇಳಿಬಿಡಬೇಕೆಂದೇ ಬಂದಿದ್ದೆ. ನೀನು ಚರ್ಚಿನ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದೆ: "ಆಗಸ್ಟ್‌ನಲ್ಲಿ ಒಂದಿನ ಕೊಳಕ್ಕೆ ಬಂದಿದ್ಲು. ಅದೇ ಅವಳ ಕೊನೇ ಒಳ್ಳೇ ದಿನ." ಆ ದಿನವನ್ನು ನಿನ್ನಿಂದ ಹೇಗೆ ಕಿತ್ತುಕೊಳ್ಳಲಿ? ಹೇಳದೆ ನಿನ್ನ ದೋಣಿಯಲ್ಲಿ ಕೂರಲೂ ಆಗಲಿಲ್ಲ. ನನ್ನ ಮುಖ ನಿನಗೆ ಪುಸ್ತಕದ ಹಾಗೆ. ಅದಕ್ಕೇ ಬರುವುದನ್ನು ಬಿಟ್ಟೆ. ದಯೆ ಒಂದಿಷ್ಟು, ಹೇಡಿತನ ಒಂದಿಷ್ಟು. ಯಾವುದೆಷ್ಟು ಎಂದು ನನಗೂ ಗೊತ್ತಿಲ್ಲ.

ಕೊಟ್ಟ ಮಾತು ಮುರಿದಿದ್ದೇನೆ. ನೀನು ಮುರಿಸಿದೆ. ಫಿಲ್‌ಬ್ರಿಕ್‌ಗೆ ನನ್ನ ಹೆಸರೇ ಹೋಗಲಿ.

ಎಮರಿ

———

ಟಿಂಕರ್ ಕೊಳ
14 ಆಗಸ್ಟ್ 1988

ಎಮರಿ,

ಇವತ್ತಿಗೆ ಐದು ವರ್ಷ. ಬೇಕೆಂದೇ ಈ ದಿನಕ್ಕೆ ಕಾದು ಬರೆಯುತ್ತಿಲ್ಲ. ಬರೆದು ಹರಿದು ಬರೆದು ಹರಿದು ಇವತ್ತಾಯಿತು.

ಮೊದಲು ಸಿಟ್ಟು ಹೇಳಿಬಿಡುತ್ತೇನೆ, ಇಟ್ಟುಕೊಂಡರೆ ಕೊಳೆಯುತ್ತದೆ. ನೀನು ಅವತ್ತು ಸಂಜೆಯೇ ಹೇಳಿದ್ದರೆ ಇಬ್ಬರೂ ಸೇರಿ ಜೊಂಡಿಗೆ ಸುತ್ತ ಬಲೆ ಕಟ್ಟಿ ವಾರದಲ್ಲಿ ಅಷ್ಟನ್ನೂ ತೆಗೆಯುತ್ತಿದ್ದೆವು. ನನ್ನ ಮನಸ್ಸು ಉಳಿಸಲು ಹೋಗಿ ಕೊಳ ಕಳೆದೆ. ಆ ಕೊಳ ನನ್ನಪ್ಪನದು, ನಿನ್ನ ದಯೆ ದಾಕ್ಷಿಣ್ಯಕ್ಕೆ ಒತ್ತೆ ಇಡಲು ನಿನ್ನದಲ್ಲ. ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ಮತ್ತೆ ಇದೂ ನಿಜ. ಹೇಳಿದ್ದರೆ ನಾನು ಕೂಗಾಡುತ್ತಿದ್ದೆ. ಅವಳ ಮುಂದೆಯೇ, ಆ ಕುರ್ಚಿಯ ಮುಂದೆಯೇ ಕೂಗಾಡುತ್ತಿದ್ದೆ. ಹಾಗೆ ಮಾಡುತ್ತಿರಲಿಲ್ಲ ಎಂದು ಹತ್ತು ಹಾಳೆ ಬರೆದೆ, ಹತ್ತೂ ಸುಳ್ಳು. ಅವಳಿಗೆ ನಾನೇನೆಂದು ಗೊತ್ತಿತ್ತು, ನಿನಗೂ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ. ಆ ದಿನ ಅವಳ ಕೊನೆಯ ಒಳ್ಳೆಯ ದಿನವಾಗಿ ಉಳಿದದ್ದು ನೀನು ಬಾಯಿ ಮುಚ್ಚಿಕೊಂಡದ್ದರಿಂದ.

ಮೂವತ್ತೇಳು ವರ್ಷ ಊಟದ ಮೇಜಿನಲ್ಲಿ ಅವಳಿಗೆ ಮೀನಿನ ವಿಷಯವನ್ನೇ ಹೇಳಿದ್ದೇನೆ. ಯಾವ ಮೀನು ಎಲ್ಲಿರಬೇಕು, ಎಲ್ಲಿರಬಾರದು, ಬಕೆಟ್ಟನ್ನು ಎಲ್ಲಿ ಚೆಲ್ಲಬೇಕು. ತಲೆಯಾಡಿಸುತ್ತಾ ಕೇಳುತ್ತಿದ್ದಳು. ಒಂದು ಮಾತೂ ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ಈಗ ತಿಳಿಯಿತು. ಅದನ್ನು ಓದಿ ನಗು ಬಂತು ಎಮರಿ. ನಗುತ್ತಾ ನಗುತ್ತಾ ಅಳು ಬಂತು. ಅವಳು ಹೋದ ಮೇಲೆ ಅತ್ತಿರಲಿಲ್ಲ.

ಫಿಲ್‌ಬ್ರಿಕ್‌ಗೆ ಗಡುವು ದಾಟಿದ ಮೇಲಾದರೂ ಬರೆದುಕೊಟ್ಟಿದ್ದೇನೆ. ನೀನು ಕೊಟ್ಟ ಹೆಸರನ್ನಲ್ಲ. ಹೀಗೆ: "ಬಕೆಟ್ಟು ನನ್ನದು. ಬ್ಲೇಕ್ ಸರೋವರದಲ್ಲಿ ಬಲೆ ಹಾಕಿದವನು ನಾನು. ಕನ್ನಡಕ ಹಾಕಿಕೊಂಡಿರಲಿಲ್ಲ, ಬಾಸ್ ಮರಿಯನ್ನು ಚಿಳ್ಳೆಮೀನೆಂದುಕೊಂಡೆ. ಆ ಬಕೆಟ್ಟನ್ನು ಈ ಕೊಳದ ದಡಕ್ಕೆ ತಂದವನೂ ನಾನೇ. ಬಕೆಟ್ಟಿನಲ್ಲಿದ್ದ ಮೀನು ಕೊಳ ಸೇರಿತು." ಇದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಯಾರ ಕೈ ಬಗ್ಗಿಸಿತು ಎಂದು ಅವನು ಕೇಳಿದ. "ಅದಕ್ಕೆ ಉತ್ತರ ಕೊಡಲ್ಲ ಕಣಯ್ಯಾ" ಎಂದೆ.

ಓರಿನ್

———

ಟಿಂಕರ್ ಕೊಳ
9 ಅಕ್ಟೋಬರ್ 1988

ಎಮರಿ,

ತೀರ್ಮಾನ ಬಂತು. ಮೂರು ವರ್ಷ ನಾನು ಗಾಳ ಮುಟ್ಟುವಂತಿಲ್ಲ. ಊರಿನ ಅಂಗಡಿಯಲ್ಲಿ ನಾನು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಇಡೀ ಜೀವನ ಎಲ್ಲರಿಗೂ ಕಟ್ಟಳೆ ಬೋಧಿಸಿದ ಪೆಲ್ಕಿಯೇ ಕೊಳ ಹಾಳು ಮಾಡಿದನಂತೆ ಎಂದು ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅನುಮಾನದಿಂದ ನೋಡಿಸಿಕೊಳ್ಳುವುದು ಹೇಗಿರುತ್ತದೆಂದು ನನಗೂ ಸ್ವಲ್ಪ ಗೊತ್ತಾಗಬೇಕಿತ್ತು.

ಒಂದು ಒಳ್ಳೆಯ ಸುದ್ದಿಯೂ ಇದೆ. ಬರುವ ಜೂನ್‌ನಿಂದ ಈ ಕೊಳದಲ್ಲಿ ಬಾಸ್ ಎಷ್ಟು ಬೇಕಾದರೂ ಹಿಡಿಯಬಹುದು, ಮಿತಿ ಇಲ್ಲ. ಗೂಡು ಕಾಯುವ ಗಂಡನ್ನು ಹಿಡಿದರೆ ಮೊಟ್ಟೆ ಉಳಿಯುವುದಿಲ್ಲ, ನಾಲ್ಕೈದು ಬೇಸಿಗೆ ಬಿಡದೆ ಹಿಡಿದರೆ ಟ್ರೌಟ್ ಸ್ವಲ್ಪ ಉಸಿರಾಡಬಹುದು ಎನ್ನುತ್ತಾನೆ ಫಿಲ್‌ಬ್ರಿಕ್. ಗ್ಯಾರಂಟಿ ಕೊಡುವುದಿಲ್ಲವಂತೆ. ಕಳೆದ ವಾರ ಒರತೆಗುಂಡಿಯ ಮೇಲೆ ಬಗ್ಗಿ ನೋಡಿದೆ, ಕನ್ನಡಕ ಹಾಕಿಕೊಂಡು. ಟ್ರೌಟ್ ಇವೆ. ಮೊದಲಿನಷ್ಟಿಲ್ಲ, ಆದರೆ ಇವೆ.

ಬಾಸ್ ಹಿಡಿಯುವುದು ನನಗೆ ಬರುವುದಿಲ್ಲ, ಬಂದರೂ ಹಿಡಿಯುವಂತಿಲ್ಲ. ನಿನಗೆ ಬೇರೇನೂ ಬರುವುದಿಲ್ಲ. ದೋಣಿಗೆ ಹುಟ್ಟು ಹಾಕಲು ಲೈಸೆನ್ಸ್ ಬೇಡವಂತೆ, ಕೇಳಿ ತಿಳಿದುಕೊಂಡಿದ್ದೇನೆ. ಜೂನ್ ಮೊದಲ ಶನಿವಾರ ದೋಣಿ ಸಿದ್ಧವಿರುತ್ತದೆ. ನಾನು ಹುಟ್ಟು ಹಾಕುತ್ತೇನೆ, ನೀನು ಹಿಡಿ. ಸಂಜೆ ಬೆಣ್ಣೆಯಲ್ಲಿ ಹುರಿಯೋಣ. ಕಣ್ಣು ಮುಚ್ಚಿಕೊಂಡು ತಿನ್ನಲು ಪ್ರಯತ್ನ ಮಾಡುತ್ತೇನೆ.

ಆ ಪುಟದಲ್ಲಿ ಖಾಲಿ ಉಳಿದಿದ್ದ ಜಾಗದಲ್ಲಿ ಒಂದು ಸಾಲು ಸೇರಿಸಿದ್ದೇನೆ. ಈ ಕೊಳದಿಂದ ನಾವೆಲ್ಲ ತೆಗೆದವರೇ, ನನ್ನಪ್ಪ, ನಾನು, ನೀನು. ಇದಕ್ಕೆ ಮೀನು ಬಿಟ್ಟವಳು ಅವಳೊಬ್ಬಳೇ ಎಂದು ಬರೆದಿದ್ದೇನೆ. ಬಂದಾಗ ತೋರಿಸುತ್ತೇನೆ.

ನಿನ್ನ ಗಾಳದ ಕೋಲುಗಳನ್ನು ತಾ. ಬಕೆಟ್ಟು ತರಬೇಡ. ನನ್ನದೇ ಇದೆ, ತೊಳೆದಿಟ್ಟಿದ್ದೇನೆ.

ನಿನ್ನ,
ಓರಿನ್